ಎಲ್ಲರಿಗೂ ಕೊಟ್ಟರೇನಂತೆ?

‘ಐದು ಬೆರಳೂ ಒಂದೇ ಸಮ ಇರುವುದಿಲ್ಲ’ ಎಂಬ ಗಾದೆಯನ್ನು ವಿಸ್ತರಿಸಿ ಬರೆಯಲು ಪ್ರತಿವರ್ಷ ಮಕ್ಕಳಿಗೆ ಕೊಡುವವರು ನಾವು, ಭಾಷಾ ಶಿಕ್ಷಕರು. ಆದರೆ ಪಾಠ ಮಾಡಲು ನಿಂತಾಗ ಎದುರಿಗೆ ಕುಳಿತ ಮಕ್ಕಳೆಲ್ಲ ಒಂದೇ ಅಳತೆಯವರೆಂದು ಭಾವಿಸುವವರೂ ನಾವೇ.

ನಮ್ಮಲ್ಲಿ ಓದಿ ಈಗ ಬೆಂಗಳೂರಿನ ಕಾಲೇಜೊಂದರಲ್ಲಿ ಬಿ.ಕಾಂ. ಮಾಡುತ್ತಿರುವ ಹುಡುಗನೊಬ್ಬ ಕಳೆದ ರಜೆಯಲ್ಲಿ ತಂದೆ ತಾಯಿಯ ಬಳಿ ಬಂದವನು ಶಾಲೆಗೂ ಬಂದಿದ್ದ. ಅವನಿಗೆ ಡಿಸ್ಲೆಕ್ಸಿಯಾ ಇದೆ. ಕಾಲೇಜು ಹೇಗಿದೆ ಎಂದು ಕೇಳಿದೆವು. “ಮುಕ್ಕಾಲು ಗಂಟೆ ಬರೀ ಡಿಕ್ಟೇಷನ್, ಟೀಚರ್. ನಾನು ಎರಡನೇ ಸಾಲಿನಲ್ಲಿರುವಾಗ ಅವರು ಎರಡನೇ ಪುಟದಲ್ಲಿರುತ್ತಾರೆ” ಎಂದು ನಕ್ಕ. ನೋಟ್ಸನ್ನು ಮುಂಚಿತವಾಗಿ ಕೊಡಲು ಸಾಧ್ಯವೇ ಎಂದು ಉಪನ್ಯಾಸಕರೊಬ್ಬರನ್ನು ಕೇಳಿದನಂತೆ. “ನಿನಗೊಬ್ಬನಿಗೆ ಕೊಟ್ಟರೆ ಎಲ್ಲರಿಗೂ ಕೊಡಬೇಕಾಗುತ್ತದೆ” ಎಂಬ ಉತ್ತರ ಬಂತಂತೆ.

ಎಲ್ಲರಿಗೂ ಕೊಟ್ಟರೇನಂತೆ? ಆ ದಿನದಿಂದ ನಮ್ಮ ತಲೆಯಲ್ಲಿ ಕೊರೆಯುತ್ತಿರುವ ಪ್ರಶ್ನೆ ಇದು.

ಕಾನೂನು ಇಲ್ಲವೆಂದಲ್ಲ. 1995ರ ಅಂಗವಿಕಲರ ಕಾಯ್ದೆಯಲ್ಲಿ ಏಳು ಬಗೆಯ ವೈಕಲ್ಯಗಳಷ್ಟೇ ಇದ್ದವು, ಕಲಿಕಾ ನ್ಯೂನತೆಗೆ ಅಲ್ಲಿ ಜಾಗವಿರಲಿಲ್ಲ. 2016ರ ಹೊಸ ಕಾಯ್ದೆ ಅವನ್ನು 21ಕ್ಕೆ ಏರಿಸಿ, ಡಿಸ್ಲೆಕ್ಸಿಯಾದಂಥ ನಿರ್ದಿಷ್ಟ ಕಲಿಕಾ ನ್ಯೂನತೆಗಳನ್ನೂ ಸೇರಿಸಿತು. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ನಿಗದಿತ ಪ್ರಮಾಣದ ವೈಕಲ್ಯ ಇರುವವರಿಗೆ ಶೇಕಡಾ 5ಕ್ಕೆ ಕಡಿಮೆ ಇಲ್ಲದಷ್ಟು ಸೀಟು ಮೀಸಲಿಡಬೇಕೆಂದೂ ಹೇಳಿತು. ಅಂದರೆ ಬಾಗಿಲು ತೆರೆದಿದೆ. ಒಳಗೆ ಹೋದ ಮೇಲೆ? ಪಠ್ಯಕ್ರಮದಲ್ಲೂ ಪರೀಕ್ಷೆಯಲ್ಲೂ ಸೂಕ್ತ ಮಾರ್ಪಾಡು ಮಾಡಬೇಕೆನ್ನುವ ಅದೇ ಕಾಯ್ದೆ ಕೊಡುವ ಉದಾಹರಣೆಗಳು ಮೂರು: ಪರೀಕ್ಷೆಗೆ ಹೆಚ್ಚುವರಿ ಸಮಯ, ಬರೆದುಕೊಡುವ ಸಹಾಯಕ, ಎರಡನೆಯ ಮತ್ತು ಮೂರನೆಯ ಭಾಷೆಯಿಂದ ವಿನಾಯಿತಿ. ಮೊದಲ ಎರಡೂ ಪರೀಕ್ಷಾ ಕೊಠಡಿಯೊಳಗಿನವು. ನಮ್ಮ ಹುಡುಗನಿಗೂ ಹನ್ನೆರಡನೆಯ ತರಗತಿಯ ಸಿ.ಬಿ.ಎಸ್.ಇ. ಪರೀಕ್ಷೆಯಲ್ಲಿ ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ ಹೆಚ್ಚು ಸಿಕ್ಕಿತು, ಅದು ದೊಡ್ಡ ಉಪಕಾರವೇ. ಆದರೆ ವರ್ಷವಿಡೀ ಪಾಠ ತಲುಪದವನಿಗೆ ಕೊನೆಯಲ್ಲಿ ಒಂದು ಗಂಟೆ ಹೆಚ್ಚು ಕೊಟ್ಟರೆ ಅವನು ಬರೆಯುವುದಾದರೂ ಏನನ್ನು?

ಮೂರನೆಯದು ನಮಗೇ ಚುಚ್ಚುವ ಮಾತು. ಆ ಹುಡುಗ ಎಂಟನೆಯ ತರಗತಿಯಲ್ಲಿದ್ದಾಗ “ಕನ್ನಡ ಬಿಡಿಸಿಬಿಡಿ, ಹೊರೆ ಕಡಿಮೆಯಾಗುತ್ತದೆ” ಎಂದು ಪೋಷಕರಿಗೆ ಹೇಳಿದವರಲ್ಲಿ ನಾವೂ ಇದ್ದೆವು. ಅಂಥ ಮಕ್ಕಳಿಗೆ ಒಂದೇ ಭಾಷೆ ಸಾಕೆಂಬ ನಿಯಮವೂ ಇತ್ತು. ಕೆಲವು ಮಕ್ಕಳಿಗೆ ಅದು ನಿಜಕ್ಕೂ ಬೇಕು, ಅಲ್ಲಗಳೆಯುವುದಿಲ್ಲ. ಇವನಿಗೆ ಬೇಕಿತ್ತೇ? ತೆನಾಲಿ ರಾಮನ ಕಥೆಯನ್ನು ಇಡೀ ತರಗತಿ ನಗುವಂತೆ ಹೇಳುತ್ತಿದ್ದ ಹುಡುಗ ಅವನು. ಗಟ್ಟಿಯಾಗಿ ಓದು ಎಂದು ನಿಲ್ಲಿಸಿದಾಗ ಮಾತ್ರ ಬೆವರುತ್ತಿದ್ದ. ನಾವು ಪ್ರಗತಿ ಪತ್ರದಲ್ಲಿ ‘ಗಮನ ಸಾಲದು’ ಎಂದು ಬರೆದೆವು. ಈಗ ಶಿವಮೊಗ್ಗದ ಅಜ್ಜಿಯೊಡನೆ ಫೋನಿನಲ್ಲಿ ಚೆನ್ನಾಗಿ ಮಾತನಾಡುತ್ತಾನೆ, ಬೆಂಗಳೂರಿನ ಬಸ್ಸಿನ ಬೋರ್ಡು ಓದಲು ಮಾತ್ರ ಪಕ್ಕದವರನ್ನು ಕೇಳುತ್ತಾನೆ.

ಕನ್ನಡ ನುಡಿದಂತೆ ಬರೆಯುವ ಭಾಷೆ, ಅದರಲ್ಲಿ ಕಷ್ಟವೇನು ಎನ್ನುವವರುಂಟು. ‘ಕರ್ನಾಟಕ’ ಎಂಬ ಪದವನ್ನೇ ನೋಡಿ. ಬಾಯಲ್ಲಿ ರಕಾರ ಮೊದಲು ಬರುತ್ತದೆ, ಕಾಗದದ ಮೇಲೆ ಅರ್ಕಾವತ್ತು ‘ನಾ’ ಆದ ಮೇಲೆ ಬರುತ್ತದೆ. ಕಣ್ಣಿಗೆ ಕಂಡ ಕ್ರಮದಲ್ಲೇ ಓದುವ ಮಗು ‘ಕನಾರ್ಟಕ’ ಎನ್ನುತ್ತದೆ, ತರಗತಿ ಗೊಳ್ಳೆಂದು ನಗುತ್ತದೆ. ಒತ್ತಕ್ಷರ ಬಂದಾಗ ಕಣ್ಣು ಕೆಳಗಿಳಿದು ಮತ್ತೆ ಮೇಲೇರಬೇಕು. ಪ, ಫ, ಷ ಒಂದು ಗೆರೆಯ ವ್ಯತ್ಯಾಸದವು. ನಿಧಾನವಾಗಿ ಓದುವ ಮಗು ದಡ್ಡನಲ್ಲ, ಈ ಕೆಲಸಗಳಿಗೆ ಅದಕ್ಕೆ ಹೆಚ್ಚು ಹೊತ್ತು ಬೇಕು, ಅಷ್ಟೇ.

ಇದಕ್ಕೆ ಪರಿಹಾರದ ದಾರಿಯೊಂದನ್ನು ತೋರಿಸಿದವರು ಕಟ್ಟಡ ಕಟ್ಟುವವರು ಎಂಬುದು ವಿಶೇಷ. ಅಮೆರಿಕದ ವಾಸ್ತುಶಿಲ್ಪಿ ರೊನಾಲ್ಡ್ ಮೇಸ್ ಬಾಲ್ಯದಲ್ಲೇ ಪೋಲಿಯೋಗೆ ತುತ್ತಾಗಿ ಗಾಲಿಕುರ್ಚಿ ಬಳಸಿದವರು. ಕಟ್ಟಿ ಮುಗಿಸಿದ ಮೇಲೆ ಅಂಗವಿಕಲರಿಗೆಂದು ಪಕ್ಕದಲ್ಲೊಂದು ದಾರಿ ಸೇರಿಸುವ ಬದಲು, ಮೊದಲೇ ಎಲ್ಲರಿಗೂ ಆಗುವಂತೆ ಕಟ್ಟಬೇಕೆಂಬುದು ಅವರ ವಾದ. ಊರಿಗೆ ಹೊರಟಾಗ ಮೂವತ್ತು ಕಿಲೋ ಪೆಟ್ಟಿಗೆಯನ್ನು ಟ್ರಾಲಿಯಲ್ಲಿಟ್ಟು ವಿಮಾನ ನಿಲ್ದಾಣದ ಇಳಿಜಾರಿನಲ್ಲಿ ತಳ್ಳುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ! 1984ರಲ್ಲಿ ಅಮೆರಿಕದಲ್ಲೇ ಶುರುವಾದ ‘ಕಾಸ್ಟ್’ ಎಂಬ ಸಂಸ್ಥೆ ಮುಂದೆ ಇದೇ ವಿಚಾರವನ್ನು ಪಾಠಕ್ಕೆ ತಂದಿತು. ವಿಷಯವನ್ನು ಒಂದಕ್ಕಿಂತ ಹೆಚ್ಚು ರೀತಿಯಲ್ಲಿ ಮುಟ್ಟಿಸಿ, ಕಲಿತದ್ದನ್ನು ತೋರಿಸಲು ಒಂದಕ್ಕಿಂತ ಹೆಚ್ಚು ದಾರಿ ಕೊಡಿ, ಆಸಕ್ತಿ ಹುಟ್ಟುವುದಕ್ಕೂ ಹಲವು ದಾರಿ ಇರಲಿ ಎಂಬುದು ಅದರ ತಿರುಳು.

ನಾವು ಕಳೆದ ವರ್ಷ ಒಂಬತ್ತನೆಯ ತರಗತಿಯ ಕನ್ನಡದಲ್ಲಿ ಇದನ್ನು ಸಣ್ಣದಾಗಿ ಮಾಡಿ ನೋಡಿದೆವು. ಪಾಠವನ್ನು ನಾವೇ ಓದಿ, ಧ್ವನಿಮುದ್ರಿಸಿ, ಒಂದು ವಾರ ಮೊದಲೇ ವಾಟ್ಸಾಪ್‌ನಲ್ಲಿ ಕಳುಹಿಸಿದೆವು. ಒಬ್ಬರಿಗೆಂದಲ್ಲ, ಎಲ್ಲರಿಗೂ. ಹೆಚ್ಚು ಉಪಯೋಗಿಸಿದವರು ಯಾರು ಗೊತ್ತೇ? ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಮಾತನಾಡುವ ಮಂಗಳೂರು, ಉಡುಪಿ ಕಡೆಯ ಮಕ್ಕಳು! ಬೋರ್ಡಿನ ಕಡೆ ತಿರುಗಿ ಮಾತನಾಡುವ ಅಭ್ಯಾಸವನ್ನೂ ಬಿಟ್ಟೆವು, ಕಿವಿ ಮಂದವಿರುವ ಮಗುವಿಗೆ ನಮ್ಮ ತುಟಿ ಕಾಣಬೇಕು. ಉತ್ತರವನ್ನು ಬರೆದಾದರೂ ಹೇಳಿಯಾದರೂ ಒಪ್ಪಿಸಬಹುದೆಂದೆವು. ಇಲ್ಲಿ ಎಡವಿದೆವು. ಎಲ್ಲರ ಮಾತನ್ನೂ ಕೇಳಿ ಅಂಕ ಹಾಕುವಷ್ಟರಲ್ಲಿ ಎರಡು ಸಂಜೆ ಹೋದವು. ಈಗ ತಿಂಗಳಿಗೊಂದು ಬಾರಿ ಮಾತ್ರ ಮಾಡುತ್ತೇವೆ.

ಕಾಲೇಜಿನವರ ಕಷ್ಟ ನಮಗಿಂತ ದೊಡ್ಡದು. ಒಂದು ಕೊಠಡಿಯಲ್ಲಿ ಎಪ್ಪತ್ತು ಎಂಬತ್ತು ಮಂದಿ, ಮುಗಿಸಬೇಕಾದ ಸಿಲಬಸ್ಸು, ಸರ್ಕಾರಿ ಕಾಲೇಜುಗಳಲ್ಲಾದರೆ ಮುಂದಿನ ವರ್ಷ ಕೆಲಸ ಇದೆಯೋ ಇಲ್ಲವೋ ಎಂಬ ಚಿಂತೆಯ ಅತಿಥಿ ಉಪನ್ಯಾಸಕರು. ಅವರನ್ನು ದೂರುವುದು ಸುಲಭ. ಆದರೆ ನೋಟ್ಸನ್ನು ಮೊದಲೇ ಹಂಚಿದರೆ ಡಿಕ್ಟೇಷನ್ನಿನ ಮುಕ್ಕಾಲು ಗಂಟೆ ಅವರಿಗೇ ಉಳಿಯುತ್ತದಲ್ಲವೇ? ಕನ್ನಡ ಮಾಧ್ಯಮದಿಂದ ಬಂದು ಇಂಗ್ಲಿಷ್ ಉಪನ್ಯಾಸದ ಮುಂದೆ ಕಂಗಾಲಾಗಿ ಕುಳಿತ ಹಳ್ಳಿಯ ಹುಡುಗಿಗೂ ಅದೇ ಹಾಳೆ ಆಸರೆ. ಗುಣಮಟ್ಟ ಇಳಿಯುತ್ತದೆ ಎಂಬ ಮಾತನ್ನು ಮಾತ್ರ ನಾವು ಒಪ್ಪುವುದಿಲ್ಲ. ಪರೀಕ್ಷಿಸಬೇಕಾದದ್ದು ಲೆಕ್ಕಶಾಸ್ತ್ರದ ತಿಳಿವಳಿಕೆಯನ್ನೋ ಕೈಯ ವೇಗವನ್ನೋ?

ಪೋಷಕರಲ್ಲೂ ಒಂದು ಮಾತು. ಮಗುವಿನ ಮೌಲ್ಯಮಾಪನ ವರದಿಯನ್ನು ನೆಂಟರ ಭಯದಿಂದ ಬೀರುವಿನಲ್ಲಿ ಮುಚ್ಚಿಡಬೇಡಿ. ಕಾಲೇಜಿಗೆ ಸೇರಿಸುವ ದಿನವೇ ಅದನ್ನು ಮೇಜಿನ ಮೇಲಿಡಿ. ಪರೀಕ್ಷೆಗೆ ಏನು ಕೊಡುತ್ತೀರಿ ಎಂದಷ್ಟೇ ಅಲ್ಲ, ಪಾಠ ಹೇಗೆ ಮಾಡುತ್ತೀರಿ ಎಂದೂ ಕೇಳಿ.

ನಮ್ಮ ಹುಡುಗನಿಗೆ ಕೊನೆಗೂ ಇನ್ನೊಬ್ಬ ಉಪನ್ಯಾಸಕರು ತಮ್ಮ ಪಾಠವನ್ನು ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳಲು ಒಪ್ಪಿದ್ದಾರೆ. ಪರೀಕ್ಷೆಯ ಹಿಂದಿನ ವಾರ ಅದನ್ನು ಕೇಳಲು ಅವನ ಹಾಸ್ಟೆಲ್ ಕೋಣೆಯಲ್ಲಿ ಏಳೆಂಟು ಮಂದಿ ಸಹಪಾಠಿಗಳು ಬಂದು ಕುಳಿತಿದ್ದರಂತೆ.