ಪೇಟೆ ಕೆಲಸ

ಗೃಹಸ್ಥನ ಪಾಲಿಗೆ ಬರುವ ಕೆಲಸಗಳಲ್ಲಿ 'ಪೇಟೆ ಕೆಲಸ'ವೆಂಬುದು ಒಂದು ಪ್ರತ್ಯೇಕ ಜಾತಿ. ಅದಕ್ಕೆ ಘನತೆಯೆಂಬುದಿಲ್ಲ. ಕುಕ್ಕರಿಗೆ ಗ್ಯಾಸ್ಕೆಟ್ ತರುವುದು, ಮುರಿದ ಛತ್ರಿಯ ಕಡ್ಡಿಯನ್ನು ಸರಿಮಾಡಿಸುವುದು, ಗೋಡೆ ಗಡಿಯಾರಕ್ಕೆ ಸೆಲ್ ಕೊಳ್ಳುವುದು, ಇವನ್ನೆಲ್ಲ ಸಾಧಿಸಿ ಬಂದವನಿಗೆ ಯಾವ ಸಭೆಯಲ್ಲಿಯೂ ಹಾರ ಹಾಕಿದ್ದಿಲ್ಲ. ಒಂದೊಂದಾಗಿ ನೋಡಿದರೆ ಪ್ರತಿಯೊಂದೂ ಪೀಡೆಯೇ ಸರಿ. ಆದರೆ ಇಂಥ ನಾಲ್ಕಾರು ಕೆಲಸಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು, ಕೈಚೀಲ ಹಿಡಿದು, ಅವಸರವಿಲ್ಲದೆ ಹೊರಟರೆ ಅದೇ ಒಂದು ಸಣ್ಣ ಯಾತ್ರೆಯಾಗುತ್ತದೆ. ಜೊತೆಗೆ ಮನೆಯ ಹಿರಿಯರೊಬ್ಬರಿದ್ದರಂತೂ ಯಾತ್ರೆಗೆ ಫಲವೂ ಉಂಟು.

ಕಳೆದ ನವೆಂಬರಿನ ಒಂದು ಶನಿವಾರ ಈ ಫಲ ನನಗೆ ಲಭಿಸಿತು. ನಿವೃತ್ತಿವೇತನ ಪಡೆಯುವವರು ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ನವೆಂಬರಿನಲ್ಲಿ, ತಾವಿನ್ನೂ ಬದುಕಿದ್ದೇವೆಂದು ಪ್ರಮಾಣೀಕರಿಸಬೇಕಷ್ಟೆ. ಕೇಂದ್ರ ಸರ್ಕಾರವು 2014ರಲ್ಲಿ 'ಜೀವನ್ ಪ್ರಮಾಣ್' ಎಂಬ ವ್ಯವಸ್ಥೆಯನ್ನು ತಂದು, ಬೆರಳಚ್ಚಿನಿಂದಲೇ ಇದು ಮುಗಿಯುವಂತೆ ಮಾಡಿತು. 2021ರಿಂದ ಮೊಬೈಲಿಗೆ ಮುಖ ತೋರಿಸಿದರೂ ನಡೆಯುತ್ತದೆ. ಉಪಾಧ್ಯಾಯರಾಗಿ ನಿವೃತ್ತರಾದ ನಮ್ಮ ತಂದೆಯವರಿಗೆ ಎಪ್ಪತ್ತು ದಾಟಿದೆ. ಮೊಣಕಾಲಿನ ನೋವು ಬೇರೆ. "ಅಪ್ಪ, ನೀವು ಕುರ್ಚಿ ಬಿಟ್ಟು ಏಳುವುದೇ ಬೇಡ, ಇಲ್ಲಿಯೇ ಮುಗಿಸಿಬಿಡೋಣ" ಎಂದೆ.

"ಬದುಕಿದ್ದೇನೆ ಅಂತ ಫೋನಿಗೆ ತೋರಿಸಿ ಏನು ಬಂತಪ್ಪ? ನಾಲ್ಕು ಜನಕ್ಕೆ ತೋರಿಸಬೇಕು" ಎಂದು ಅವರು ಅಂಗಿಗೆ ಇಸ್ತ್ರಿಯಾಗಿದೆಯೇ ಎಂದು ವಿಚಾರಿಸಿದರು.

ಮನೆಯಾಕೆ ಚೀಟಿ ಬರೆದುಕೊಟ್ಟಳು. ಮೈಸೂರಿನ ನಗರ ಬಸ್ ನಿಲ್ದಾಣದಲ್ಲಿ ಇಳಿದು ದೊಡ್ಡ ಗಡಿಯಾರದ ಬಳಿಗೆ ಬಂದೆವು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗೆ 1927ರಲ್ಲಿ ಕಟ್ಟಿದ ಈ ಗೋಪುರದ ಮುಖದ ಮೇಲೆ ಕನ್ನಡದ ಅಂಕಿಗಳಿವೆ. ತಂದೆಯವರು ಅದರತ್ತ ಒಮ್ಮೆ ಕತ್ತೆತ್ತದೆ ಮುಂದಡಿ ಇಡುವವರಲ್ಲ. ಕನ್ನಡದ ಅಂಕಿಯಲ್ಲಿ ನೋಡಿದ ಹೊತ್ತು ಸ್ವಲ್ಪ ನಿಧಾನವಾಗಿ ಸರಿಯುತ್ತದೆಂದು ಅವರ ನಂಬಿಕೆ.

ಬ್ಯಾಂಕಿನ ಬೆಂಚಿನ ಮೇಲೆ ಆಗಲೇ ಏಳೆಂಟು ಮಂದಿ ಹಿರಿಯರು ಕುಳಿತಿದ್ದರು. ಸಕ್ಕರೆ ಕಾಯಿಲೆ, ಕಣ್ಣಿನ ಪೊರೆ, ಪರದೇಶದ ಮೊಮ್ಮಕ್ಕಳು, ಹೀಗೆ ಮಾತು ಸಾಗಿತು. ನಡುವೆ ಒಬ್ಬರು, "ಹೋದ ವರ್ಷ ಈ ಮೂಲೆಯಲ್ಲಿ ಕೂತಿದ್ದರಲ್ಲ, ರೇಷ್ಮೆ ಇಲಾಖೆಯವರು, ಬರಲಿಲ್ಲವೆ?" ಎಂದರು. ಯಾರೂ ಉತ್ತರ ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ. ನಮ್ಮ ಸರದಿ ಬಂದಾಗ ಗುಮಾಸ್ತೆಯಾದ ಹುಡುಗಿ ಕಾಗದವನ್ನು ನೋಡಿ, ತಂದೆಯವರ ಮುಖವನ್ನು ನೋಡಿ, ಮೊಹರು ಒತ್ತಿ, "ಮುಂದಿನ ವರ್ಷವೂ ನೀವೇ ಬರಬೇಕು ತಾತ" ಎಂದಳು. ಮೆಟ್ಟಿಲಿಳಿಯುವಾಗ ಅವರು ನನ್ನ ಕೈ ಹಿಡಿಯಲಿಲ್ಲ.

ಛತ್ರಿ ರಿಪೇರಿಯವನು ನಮ್ಮ ಹಳೆಯ ಛತ್ರಿಯನ್ನು ತಿರುಗಿಸಿ ನೋಡಿ, "ಈ ಬೆತ್ತದ ಹಿಡಿ ಈಗೆಲ್ಲಿ ಸಿಗುತ್ತೆ ಸ್ವಾಮಿ, ಬಿಸಾಡಬೇಡಿ" ಎಂದು ಎರಡು ಕಡ್ಡಿ ಕಟ್ಟಿಕೊಟ್ಟ. ಗ್ಯಾಸ್ಕೆಟ್ಟು, ಸೆಲ್ಲು ಎರಡೂ ಚಿಕ್ಕ ಗಡಿಯಾರದ ಆಸುಪಾಸಿನಲ್ಲಿಯೇ ದೊರೆತವು. ಉಳಿದದ್ದು ವೀಳ್ಯದೆಲೆ ಮತ್ತು ಹೂವು.

ಅವಕ್ಕೆ ದೇವರಾಜ ಮಾರುಕಟ್ಟೆಯನ್ನೇ ಹೊಕ್ಕಬೇಕು. 2016ರಲ್ಲಿ ಈ ಹಳೆಯ ಕಟ್ಟಡದ ಉತ್ತರ ಭಾಗ ಕುಸಿದಂದಿನಿಂದ ಇದನ್ನು ಕೆಡವಬೇಕೋ ಉಳಿಸಬೇಕೋ ಎಂಬ ವಾದ ನಡೆದುಬಂದಿದೆ. ಒಳಗೆ ಮಾತ್ರ ಕುಂಕುಮದ ಗೋಪುರಗಳು, ಬಾಳೆಗೊನೆಗಳು, ಹೂವಿನ ರಾಶಿಗಳು ಎಂದಿನಂತೆಯೇ ಇವೆ. ತಂದೆಯವರು ಎರಡು ವರ್ಷದಿಂದ ಇಲ್ಲಿ ಕಾಲಿಟ್ಟಿರಲಿಲ್ಲ. ಮೈಸೂರು ಎಲೆಯ ಒಂದು ಕಟ್ಟನ್ನು ಆರಿಸಿಕೊಂಡು ಹೂವಿನ ಸಾಲಿಗೆ ಬಂದೆವು. ಅಲ್ಲಿದ್ದ ವೃದ್ಧೆ ಅವರನ್ನು ಕಂಡೊಡನೆ ಗುರುತು ಹಿಡಿದಳು.

"ಏನ್ ಮೇಷ್ಟ್ರೇ, ಈ ಕಡೆ ಬರೋದೇ ಬಿಟ್ರಿ! ಅಮ್ಮಾವ್ರು ಬರಲಿಲ್ವಾ?"

"ಅವಳು ಹೋಗಿ ಎರಡು ವರ್ಷವಾಯಿತಮ್ಮ."

ಆಕೆಯ ಕೈ ಒಂದು ಗಳಿಗೆ ನಿಂತಿತು. ಬಳಿಕ ನಾವು ಕೇಳಿದ ಒಂದು ಮಾರು ಸೇವಂತಿಗೆಯನ್ನು ಅಳೆದು, ಅದರ ಮೇಲೆ ಮತ್ತೆರಡು ಮೊಳ ಕಿತ್ತು ಎಲೆಯಲ್ಲಿ ಬೇರೆಯಾಗಿ ಕಟ್ಟಿ, "ಇದು ಅವ್ರ ಪಟಕ್ಕೆ. ಕಾಸು ಬೇಡ. ಒಂದೂ ದಿನ ಕೇಳಿದ ಬೆಲೆಗೆ ಕೊಂಡವರಲ್ಲ, ಪುಣ್ಯಾತ್ಗಿತ್ತಿ" ಎಂದಳು.

ಹೋಟೆಲಿನಲ್ಲಿ ಸೆಟ್ ದೋಸೆ ತಿಂದು ಕಾಫಿ ಕುಡಿಯುತ್ತಿರುವಾಗ ತಂದೆಯವರು ತಾವಾಗಿಯೇ ಅಮ್ಮನ ಮಾತು ತೆಗೆದರು. ನಾಲ್ಕಾಣೆಗಾಗಿ ಆಕೆ ಮೂರು ಅಂಗಡಿ ಸುತ್ತಿಸುತ್ತಿದ್ದುದು, ಕೊನೆಗೆ ಮೊದಲನೆಯ ಅಂಗಡಿಯಲ್ಲಿಯೇ ಕೊಳ್ಳುತ್ತಿದ್ದುದು, ಎಲ್ಲವನ್ನೂ ಹೇಳಿ ನಕ್ಕರು. ಎರಡು ವರ್ಷಗಳಲ್ಲಿ ಮನೆಯೊಳಗೆ ನಾವು ಯಾರೂ ಅವರ ಬಾಯಿಂದ ಹೊರಡಿಸಲಾಗದಿದ್ದ ಮಾತುಗಳು ಅವು.

ಫೋನಿನಲ್ಲಿ ಸಾಮಾನು ತರಿಸುವುದನ್ನು ನಾನು ಹಳಿಯುವವನಲ್ಲ. ದುಡಿದು ಬರುವ ಗೃಹಿಣಿಗೆ, ಹಾಸಿಗೆ ಹಿಡಿದವರಿಗೆ ಅದು ವರದಾನವೇ. ನಮ್ಮ ಮನೆಯ ಬಾಗಿಲಿಗೂ ಬರುತ್ತದೆ. ಆದರೆ ಹಾಗೆ ಬರುವುದು ಸಾಮಾನು ಮಾತ್ರ. 'ಅಮ್ಮಾವ್ರು ಬರಲಿಲ್ವಾ?' ಎಂದು ಅದು ಕೇಳುವುದಿಲ್ಲ. ಹಿರಿಯರಿಗೆ ಶ್ರಮವಾದೀತೆಂದು ಪ್ರೀತಿಯಿಂದಲೇ ಹಾಲು, ತರಕಾರಿ, ಬ್ಯಾಂಕು ಎಲ್ಲವನ್ನೂ ಒಂದೊಂದಾಗಿ ಅವರ ಕೈಯಿಂದ ಇಳಿಸಿಬಿಡುತ್ತೇವೆ. ಕೆಲಸದೊಡನೆ ಊರೂ ಅವರ ಕೈಬಿಟ್ಟುಹೋಗುತ್ತದೆ. ಸುಮ್ಮನೆ ತಿರುಗಾಡಿ ಬರಲು ಸಂಕೋಚಪಡುವ ಹಿರಿಯರೂ ಎಲೆ ತರುವ ನೆಪವೊಂದಿದ್ದರೆ ಚಪ್ಪಲಿ ಮೆಟ್ಟುತ್ತಾರೆ.

ಆದುದರಿಂದ ಗೃಹಿಣಿಯರಲ್ಲಿ ನನ್ನದೊಂದು ವಿಜ್ಞಾಪನೆ. ಮುಂದಿನ ಚೀಟಿ ಬರೆಯುವಾಗ, ನಡೆಯಬಲ್ಲ ಹಿರಿಯರು ಮನೆಯಲ್ಲಿದ್ದರೆ, ಅವರ ಹೆಸರಿಗೆ ಒಂದು ಸಾಲನ್ನು ಬಿಡಿ. ಕೈಚೀಲವನ್ನು ಬೇಕಾದರೆ ಮಗ ಹೊರಲಿ. ಹೂವಿಗೆ ಎರಡು ರೂಪಾಯಿ ಹೆಚ್ಚು ಕೊಟ್ಟು ಬಂದರೆ ಲೆಕ್ಕ ಕೇಳಬೇಡಿ.