ಭಾನುವಾರ ಒಲೆಗೂ ರಜೆ ಇರಲಿ

ವಾರವಿಡೀ ಬೆಳಗ್ಗೆ ಬೇಗನೆದ್ದು ಡಬ್ಬಿ ಕಟ್ಟುವ ನಮಗೆ ಭಾನುವಾರವಾದರೂ ಬಿಡುವುಂಟಾ? ‘ಇವತ್ತೇನು ಸ್ಪೆಷಲ್?’ ಎಂಬ ಪ್ರಶ್ನೆಯಿಂದಲೇ ಬೆಳಗಾಗುತ್ತೆ. ಮುಂಬಯಿಯ ಗೆಳತಿಯರಿಗೆ ನನ್ನ ಸಲಹೆ: ತಿಂಗಳಿಗೊಮ್ಮೆಯಾದರೂ ತಿಂಡಿ, ಊಟ ಎರಡೂ ಸೇರಿದ ಬ್ರಂಚ್‌ಗೆ ಮನೆಮಂದಿಯೊಂದಿಗೆ ಬಾಂದ್ರಾಕ್ಕೆ ಹೊರಡಿ.

ಸಮುದ್ರ ನೋಡಲು ಕಾರ್ಟರ್ ರೋಡ್ ಚೆನ್ನ. ಕೆಫೆಯನ್ನು ಮಾತ್ರ ಒಳಗಿನ ಗಲ್ಲಿಗಳಲ್ಲಿ ಹುಡುಕಿ. ರಣವಾರ್, ಚಾಪೆಲ್ ರೋಡ್ ಕಡೆ ಹಳೇ ಮನೆಗಳ ನಡುವೆ ಪುಟ್ಟ ಪುಟ್ಟ ಕೆಫೆಗಳಿವೆ. ಹೊತ್ತೇರಿದಷ್ಟೂ ಜನ ಜಾಸ್ತಿ, ಹತ್ತರೊಳಗೇ ಹೋಗಿ. ಭಾನುವಾರ ಲೋಕಲ್ ರೈಲಿಗೆ ಬ್ಲಾಕ್ ಇದೆಯೇ ನೋಡಿಕೊಳ್ಳಿ. ಮೊಟ್ಟೆ ತಿನ್ನದವರು ಪ್ಯಾನ್‌ಕೇಕ್ ಹೇಳುವ ಮುಂಚೆ ವಿಚಾರಿಸಿ. ಬಿಲ್ಲಿನಲ್ಲಿ ಸರ್ವೀಸ್ ಚಾರ್ಜ್ ಹಾಕಿದ್ದರೆ ಸಂಕೋಚಪಡದೆ ತೆಗೆಸಿ. ಅದು ಕಡ್ಡಾಯವಲ್ಲವೆಂದು 2025ರಲ್ಲಿ ದೆಹಲಿ ಹೈಕೋರ್ಟೇ ಹೇಳಿದೆ.

‘ಇಷ್ಟು ದುಡ್ಡಲ್ಲಿ ಮನೆಯಲ್ಲೇ ಎಲ್ಲರಿಗೂ ದೋಸೆ ಹುಯ್ಯಬಹುದಿತ್ತು’ ಅಂತ ಮನಸ್ಸು ಚುಚ್ಚುತ್ತೆ. ನನಗೂ ಚುಚ್ಚಿತ್ತು. ಆದರೆ ಹುಯ್ಯುವವರು ಯಾರು ಹೇಳಿ? ಲೆಕ್ಕ ಹಾಕುವಾಗ ನಮ್ಮ ದುಡಿಮೆಯನ್ನೂ ಸೇರಿಸೋಣ. ಕಾವಲಿ ಮುಂದೆ ನಿಂತು ಕೊನೆಯ ದೋಸೆ ತಿನ್ನುವವರು ನಾವೇ ತಾನೆ? ಎಲ್ಲರ ಜೊತೆ ಕೂತು ಬಿಸಿಬಿಸಿ ತಿನ್ನುವ ಭಾಗ್ಯ ತಿಂಗಳಿಗೊಂದು ದಿನವಾದರೂ ನಮಗೂ ಇರಲಿ!