ಅಗ್ಗದ ಟೈರು, ತುಟ್ಟಿಯ ಪ್ರಯಾಣ

ಕಳೆದ ತಿಂಗಳು ನಮ್ಮ ಸಂಘದ ಕಾರ್ಯಕ್ರಮ ಮುಗಿದು ಚಹಾ ಕುಡಿಯುತ್ತಿದ್ದಾಗ ಹಿರಿಯ ಸದಸ್ಯರೊಬ್ಬರು ಎದೆಯುಬ್ಬಿಸಿ ಹೇಳಿದರು: "ಎರಡು ಹೊಸ ಟೈರಿನ ದುಡ್ಡಿನಲ್ಲಿ ನಾಲ್ಕು ಹಾಕಿಸಿದೆ ನೋಡಿ. ಸೆಕೆಂಡ್‌ಹ್ಯಾಂಡ್ ಅಂತ ಯಾರಿಗೂ ಗೊತ್ತಾಗುವುದಿಲ್ಲ!" ಸುತ್ತ ನಿಂತವರೆಲ್ಲ ಆ ಅಂಗಡಿಯ ವಿಳಾಸ ಕೇಳಿದರು. ಟೈರಿಗೆ ವಯಸ್ಸೆಷ್ಟು ಎಂದು ಒಬ್ಬರೂ ಕೇಳಲಿಲ್ಲ. ಆ ಮೌನವೇ ಈ ಲೇಖನಕ್ಕೆ ಕಾರಣ. ಆ ಹಿರಿಯರು ನನ್ನ ಮಿತ್ರರು, ಕ್ಷಮಿಸುತ್ತಾರೆಂದು ನಂಬಿದ್ದೇನೆ.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆ ನಮ್ಮ ಕಾರುಗಳಿಗೂ ಹೊಂದುತ್ತದೆ. ಸೀಟಿಗೆ ಹೊಸ ಕವರು ಬೇಕು, ಹಾಡು ಕೇಳುವ ಯಂತ್ರ ಬೇಕು, ಹಿಂದಿನ ಗಾಜಿನ ಮೇಲೆ ಊರಿನ ದೇವರ ಹೆಸರು ಹೊಳೆಯಬೇಕು. ಆದರೆ ಇಡೀ ಕಾರು ನೆಲವನ್ನು ಮುಟ್ಟುವುದು ನಾಲ್ಕು ಅಂಗೈಯಷ್ಟು ಜಾಗದಲ್ಲಿ ಮಾತ್ರ. ಬ್ರೇಕಾಗಲಿ ಸ್ಟೇರಿಂಗಾಗಲಿ ಕೆಲಸ ಮಾಡುವುದು ಆ ನಾಲ್ಕು ಅಂಗೈಗಳ ಮೂಲಕವೇ. ಅಲ್ಲಿ ಮಾತ್ರ ನಮಗೆ ಜಿಪುಣತನ!

ನಾನೂ ಆ ಜಾತಿಯವನೇ ಆಗಿದ್ದೆ. 2021ರಲ್ಲಿ ಚೌತಿಗೆಂದು ಮುಂಬೈಯಿಂದ ಊರಿಗೆ ಹೊರಟೆವು. ಕಾರಿನಲ್ಲಿ ಮನೆಯಾಕೆ, ಮಗಳು, ನಾಲ್ಕು ವರ್ಷದ ಮೊಮ್ಮಗ. "ನೂರಕ್ಕೆ ತೊಂಬತ್ತು ಪಾಲು ಹೊಸದೇ" ಎಂದು ಅಂಗಡಿಯವನು ಕೊಟ್ಟ ಹಳೆಯ ಟೈರುಗಳು ಹಿಂದಿನ ಗಾಲಿಗಳಲ್ಲಿದ್ದವು. ಕಶೇಡಿ ಘಾಟಿನ ಮಳೆಯಲ್ಲಿ, ಒಂದು ತಿರುವಿನಲ್ಲಿ, ಕಾರಿನ ಹಿಂಭಾಗ ಜಾರಿ ಅಡ್ಡ ತಿರುಗಿತು. ರಸ್ತೆ ಬದಿಯ ಕಟ್ಟೆಗೆ ತಾಗಿ ನಿಂತಿತು. ಆ ಕಟ್ಟೆಯ ಆಚೆ ಕಣಿವೆ. ಯಾರಿಗೂ ಗಾಯವಾಗಲಿಲ್ಲ. ಮುಂದೆ ಪಂಕ್ಚರ್ ಅಂಗಡಿಯ ಹುಡುಗ ಟೈರಿನ ಪಕ್ಕದ ಕಪ್ಪು ಬಣ್ಣ ಉಜ್ಜಿ ನಾಲ್ಕು ಅಂಕಿ ತೋರಿಸಿದ: 1311. ಅಂದರೆ 2011ನೆಯ ಇಸವಿಯ ಹದಿಮೂರನೆಯ ವಾರದಲ್ಲಿ ತಯಾರಾದದ್ದು. "ಸಾಹೇಬರೇ, ಇದು ನಿಮ್ಮ ಮೊಮ್ಮಗನಿಗಿಂತ ದೊಡ್ಡದು" ಎಂದ ಅವನ ಮಾತು ಇಂದಿಗೂ ಕಿವಿಯಲ್ಲಿದೆ.

ಗೀರು ಆಳವಾಗಿದ್ದರೆ ಟೈರು ಚೆನ್ನಾಗಿದೆ ಎಂಬುದು ನಮ್ಮ ಮೊದಲ ತಪ್ಪು. ರಬ್ಬರು ಓಡದೆ ನಿಂತಿದ್ದರೂ ಗಾಳಿ, ಬಿಸಿಲು, ಶಾಖಕ್ಕೆ ಗಟ್ಟಿಯಾಗುತ್ತದೆ, ಬಿರುಕು ಬಿಡುತ್ತದೆ. ಒದ್ದೆ ರಸ್ತೆಯನ್ನು ಹಿಡಿಯುವ ಗುಣ ಕಳೆದುಕೊಳ್ಳುತ್ತದೆ. ಐದು ವರ್ಷದ ಮೇಲೆ ಪ್ರತಿವರ್ಷ ಪರೀಕ್ಷೆ ಮಾಡಿಸಿ, ಹತ್ತು ವರ್ಷವಾದರೆ ನೋಡಲು ಚೆನ್ನಾಗಿದ್ದರೂ ತೆಗೆದುಹಾಕಿ ಎಂದು ದೊಡ್ಡ ಟೈರು ಕಂಪನಿಗಳೇ ಹೇಳುತ್ತವೆ. ಸ್ಟೆಪ್ನಿಗೂ ಇದೇ ಮಾತು.

"ನಾವು ದುಡಿದು ತಿನ್ನುವವರು, ಉಳಿತಾಯವೇ ನಮಗೆ ಬಲ" ಎನ್ನುತ್ತೀರಿ. ಒಪ್ಪಿದೆ; ಉಳಿತಾಯದ ಲೆಕ್ಕವನ್ನೇ ಮಾಡೋಣ. ಹೊಸ ಟೈರಿಗೆ 4,500 ರೂಪಾಯಿ, ಅದು 40,000 ಕಿಲೋಮೀಟರು ಓಡುತ್ತದೆ ಎಂದಿಟ್ಟುಕೊಳ್ಳಿ. ಕಿಲೋಮೀಟರಿಗೆ ಸುಮಾರು 11 ಪೈಸೆ. ಹಳೆಯದಕ್ಕೆ 1,800 ಕೊಟ್ಟು, ಅದು 12,000 ಓಡಿದರೆ 15 ಪೈಸೆ. ಮತ್ತೆ ಮತ್ತೆ ಬಿಚ್ಚಿ ಹಾಕುವ ಕೂಲಿ ಬೇರೆ. ಅಗ್ಗವೆಂದು ಮುಗ್ಗಲು ಜೋಳ ಕೊಂಡವನ ಕಥೆ ಇದೇ ಅಲ್ಲವೇ?

ಇನ್ನೊಂದು ಪಂಗಡವಿದೆ. ಪಕ್ಕದ ಫ್ಲ್ಯಾಟಿನವನು ವಿದೇಶಿ ಅಗಲ ಟೈರು ಹಾಕಿಸಿದನೆಂದು ತಾವೂ ಹಾಕಿಸುವವರು. 7,500 ಕೊಟ್ಟ ಟೈರು 45,000 ಕಿಲೋಮೀಟರು ಓಡಿದರೂ ಕಿಲೋಮೀಟರಿಗೆ 16 ಪೈಸೆ ದಾಟುತ್ತದೆ. ಅಳತೆಗಿಂತ ಅಗಲವಾದದ್ದು ಪೆಟ್ರೋಲನ್ನೂ ಹೆಚ್ಚು ಕುಡಿಯಬಹುದು. 165/80 ಆರ್14 85ಟಿ ಎಂದು ಬರೆದಿದ್ದರೆ ಅಗಲ 165 ಮಿಲಿಮೀಟರು, ಎತ್ತರ ಅದರ ನೂರಕ್ಕೆ 80 ಪಾಲು, ರೇಡಿಯಲ್, ರಿಮ್ಮು 14 ಇಂಚು. 85 ಎಂದರೆ ಒಂದು ಟೈರು 515 ಕಿಲೋ ಹೊರುತ್ತದೆ, ಟಿ ಎಂದರೆ ಗಂಟೆಗೆ 190 ಕಿಲೋಮೀಟರಿನ ಮಿತಿ. ಕಾರು ತಯಾರಿಸಿದವರು ಗೊತ್ತುಮಾಡಿದ ಈ ಅಂಕಿಗಳನ್ನು ಬದಲಿಸಲು ಅಂಗಡಿಯವನು ಯಾರು?

ಈಗ ನಮ್ಮಂಥವರ ವಿಶೇಷಕ್ಕೆ ಬರುತ್ತೇನೆ. ವಾರವೆಲ್ಲ ನಾವು ಲೋಕಲ್ ರೈಲಿನಲ್ಲಿ ನೇತಾಡುತ್ತೇವೆ. ಕಾರು ಸೊಸೈಟಿಯ ಬಿಸಿಲಿನಲ್ಲಿ ನಿಂತಿರುತ್ತದೆ. ಭಾನುವಾರದ ಓಡಾಟ, ಮೇ ತಿಂಗಳಲ್ಲಿ ಊರು, ಒಂದೆರಡು ಮದುವೆ: ವರ್ಷಕ್ಕೆ ಐದು ಸಾವಿರ ಕಿಲೋಮೀಟರು ದಾಟುವುದೂ ಕಷ್ಟ. ಆ ಲೆಕ್ಕದಲ್ಲಿ 40,000 ಓಡಲು ಎಂಟು ವರ್ಷ ಬೇಕು. ಸವೆಯುವ ಮೊದಲೇ ಟೈರು ಮುದಿಯಾಗುತ್ತದೆ! ಆದ್ದರಿಂದ "ಲಕ್ಷ ಕಿಲೋಮೀಟರು ಬಾಳುತ್ತದೆ" ಎಂಬ ಹೊಗಳಿಕೆಗೆ ನಾವು ದುಡ್ಡು ಸುರಿಯುವುದು ವ್ಯರ್ಥ. ಹೆಸರಾಂತ ಕಂಪನಿಯ ನಡುಬೆಲೆಯ ಟೈರು, ಮೂಲ ಅಳತೆ, ಒದ್ದೆ ರಸ್ತೆಯಲ್ಲಿ ಒಳ್ಳೆಯ ಹಿಡಿತ, ಆರು ತಿಂಗಳೊಳಗಿನ ತಯಾರಿಕೆ: ನಮಗೆ ಇಷ್ಟೇ ಸಾಕು. ಮೈಸೂರಿನ ವಿಕ್ರಾಂತ್ ಟೈರ್ಸ್ 1997ರಲ್ಲಿ ಜೆ.ಕೆ. ಸಮೂಹದ ಪಾಲಾದರೂ ಅಲ್ಲಿ ಟೈರು ತಯಾರಿಕೆ ನಿಂತಿಲ್ಲ. ಆದರೆ ಊರಿನ ಅಭಿಮಾನಕ್ಕಾಗಿ ಕೊಳ್ಳಿರೆಂದೂ ನಾನು ಹೇಳುವುದಿಲ್ಲ. ತಯಾರಿಕೆಯ ವಾರವನ್ನು, ಐ.ಎಸ್.ಐ. ಗುರುತನ್ನು ನಿಮ್ಮ ಕಣ್ಣಿನಿಂದ ನೋಡಿ, ಬಿಲ್ಲು ಪಡೆದು ಕೊಳ್ಳಿರಿ.

ತುಟ್ಟಿ ಎಂಬ ನೆಪವೂ ಈಗ ಸ್ವಲ್ಪ ಸಡಿಲವಾಗಿದೆ. 2025ರ ಸೆಪ್ಟೆಂಬರ್ 22ರಿಂದ ಕಾರಿನ ಹೊಸ ಟೈರಿನ ಜಿ.ಎಸ್.ಟಿ. ನೂರಕ್ಕೆ 28ರಿಂದ 18ಕ್ಕೆ ಇಳಿದಿದೆ. ನಾಲ್ಕೂ ಒಮ್ಮೆಲೇ ಆಗದಿದ್ದರೆ ಎರಡು ಕೊಳ್ಳಿರಿ. ಆ ಎರಡನ್ನು ಹಿಂದಿನ ಗಾಲಿಗಳಿಗೆ ಹಾಕಿಸಿರಿ. ಮುಂದಿನವು ಬೇಗ ಸವೆಯುತ್ತವೆಂದು ಹೊಸದನ್ನು ಮುಂದೆ ಹಾಕುವ ರೂಢಿಯಿದೆ; ಅದು ತಪ್ಪು. ಮುಂಭಾಗ ಜಾರಿದರೆ ವೇಗ ಇಳಿಸಿ ಸುಧಾರಿಸಿಕೊಳ್ಳಬಹುದು. ಹಿಂಭಾಗ ಜಾರಿದರೆ ಕಾರು ಬುಗುರಿಯಂತೆ ತಿರುಗುತ್ತದೆ. ಈ ಪಾಠವನ್ನು ನಾನು ಕಶೇಡಿಯಲ್ಲಿ ಕಲಿತೆ. ನೀವು ಇಲ್ಲಿಯೇ ಕಲಿಯಿರಿ.

ಕಾನೂನಿನ ಮಿತಿ 1.6 ಮಿಲಿಮೀಟರು. ಗೀರಿನೊಳಗಿನ ಸಣ್ಣ ದಿಬ್ಬದ ಮಟ್ಟಕ್ಕೆ ಟೈರು ಸವೆಯಿತೆಂದರೆ ಆ ಮಿತಿ ಮುಟ್ಟಿತೆಂದರ್ಥ. ನೀರನ್ನು ಹೊರಗೆ ತಳ್ಳುವುದು ಈ ಗೀರುಗಳೇ ಆದ್ದರಿಂದ ನಮ್ಮ ಮಳೆಗೆ ಮೂರು ಮಿಲಿಮೀಟರಿಗೇ ಬದಲಿಸುವುದು ಜಾಣತನ. ಊರಿನಿಂದ ಅಕ್ಕಿ, ತೆಂಗಿನಕಾಯಿ, ಹಲಸು ಹೇರಿ ಬರುವಾಗ ಗಾಳಿ ಎಷ್ಟಿರಬೇಕೆಂದು ಚಾಲಕನ ಬಾಗಿಲ ಚೌಕಟ್ಟಿನಲ್ಲಿಯೇ ಬರೆದಿರುತ್ತದೆ. ಟೈರು ತಣ್ಣಗಿರುವಾಗ ಅಷ್ಟು ತುಂಬಿಸಲು ಐದು ನಿಮಿಷ ಸಾಕು.

ಸಂಘಕ್ಕೊಂದು ಸೂಚನೆ. ನಾಟಕ, ಹಳದಿ-ಕುಂಕುಮ, ವಿಹಾರಯಾತ್ರೆ ಎಲ್ಲವೂ ನಡೆಯಲಿ. ಮೇ ರಜೆಯ ಮೊದಲು ಒಂದು ಭಾನುವಾರ ಸಂಘದ ಅಂಗಳದಲ್ಲಿ ಎಲ್ಲರ ಕಾರು ನಿಲ್ಲಿಸಿ, ಒಂದು ಟಾರ್ಚು, ಒಂದು ಗಾಳಿ ಅಳೆಯುವ ಮೀಟರು ಹಿಡಿದು ಒಬ್ಬರ ಟೈರನ್ನು ಇನ್ನೊಬ್ಬರು ನೋಡೋಣ. ನಾಚಿಕೆ ಪಡುವವರು ಅಂಗಳದಲ್ಲಿ ಪಡಲಿ, ಘಾಟಿನಲ್ಲಿ ಅಲ್ಲ.

ನನ್ನ ಮಾತು ಕಟುವೆನಿಸಿದವರು ಮುಂದಿನ ಸಂಚಿಕೆಗೆ ಧಾರಾಳವಾಗಿ ಉತ್ತರ ಬರೆಯಲಿ. ಆದರೆ ಪೆನ್ನು ಹಿಡಿಯುವ ಮೊದಲು ಕೆಳಗಿಳಿದು ತಮ್ಮ ಟೈರಿನ ನಾಲ್ಕು ಅಂಕಿಗಳನ್ನು ಓದಿಕೊಂಡು ಬರಲಿ.